ಬೆನ್ನಿಗಂಟಿದ ಹೊಟ್ಟೆ

ಮಗುವಿನ ಹೊಟ್ಟೆ ಬೆನ್ನಿಗಂಟಿಕೊಂಡಿದೆ ಎಂಬ ವಿಷಯದಲ್ಲಿ ಆ ಮನೆಯ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದು ಯಾರ ತಪ್ಪು ಎಂಬುದರಲ್ಲಿ ಮಾತ್ರ ಇತ್ತು.

ಮಗುವಿಗೆ ಹನ್ನೊಂದು ತಿಂಗಳು. ಹುಟ್ಟಿದಾಗ ಸಣ್ಣಗಿದ್ದಳೆಂದು ಅಜ್ಜ 'ಸಾಸಿವೆ' ಎಂದು ಕರೆದದ್ದೇ ನಿಂತು, ಆಸ್ಪತ್ರೆಯ ಕಾಗದದ ಮೇಲಿನ ಹೆಸರು ಕಾಗದದ ಮೇಲೆಯೇ ಉಳಿದಿತ್ತು. ಕೈಕಾಲು ತಕ್ಕಮಟ್ಟಿಗಿದ್ದವು, ಕೆನ್ನೆ ಇತ್ತು, ಹಟ ಬೇಕಾದಷ್ಟಿತ್ತು. ಹೊಟ್ಟೆ ಮಾತ್ರ ಖಾಲಿ ಚೀಲದ ಹಾಗೆ ಒಳಕ್ಕೆ ಹೋಗಿತ್ತು. ಸ್ನಾನ ಮಾಡಿಸುವ ಅಜ್ಜಿ ಅದನ್ನು ದಿನಕ್ಕೊಮ್ಮೆ ನೋಡುತ್ತಿದ್ದಳು. ನೋಡಿ ಸುಮ್ಮನಿರುವುದು ಅವಳ ಜಾಯಮಾನವಲ್ಲ.

"ಬೇರೆ ಮಕ್ಕಳ ಹೊಟ್ಟೆ ಗಡಿಗೆ ಥರ ಇರುತ್ತೆ. ಇದನ್ನ ನೋಡಿದವರು ಈ ಮನೇಲಿ ಒಲೆ ಹಚ್ಚಲ್ವೇನೋ ಅಂದ್ಕೋತಾರೆ."

"ಹಾಲು ಕುಡಿಸಿಯೇ ಕೆಲಸಕ್ಕೆ ಹೋಗ್ತೀನಲ್ಲ ಅತ್ತೆ," ಎಂದಳು ಸೊಸೆ.

"ಕುಡಿಸ್ತೀಯ. ಒಂದು ಕಣ್ಣು ಮಗು ಮೇಲೆ, ಇನ್ನೊಂದು ಗಡಿಯಾರದ ಮೇಲೆ. ಊರವರ ಕಣ್ಣಿಗೆಲ್ಲ ಗಾಜು ಕೂರಿಸೋಳಿಗೆ ಹೆತ್ತ ಮಗು ಹೊಟ್ಟೆ ಕಾಣಲ್ಲ."

ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಗಾಜು ದಂಡ. ಹಾಗಾಗಿ ಮಾತನ್ನೂ ಅಳೆದೇ ಆಡುತ್ತಿದ್ದಳು, ಅದು ಅತ್ತೆಗೆ ಅಹಂಕಾರವಾಗಿ ಕೇಳುತ್ತಿತ್ತು.

"ಊಟದ ಹೊತ್ತಲ್ಲಿ ಬೇಡಮ್ಮ," ಎಂದ ಮಗ.

"ಊಟದ ಹೊತ್ತಲ್ಲಿ ಹೊಟ್ಟೆ ಮಾತು ಬರದೆ ಇನ್ನೇನು ಬರುತ್ತೋ?"

ಅಜ್ಜ ಈ ಜಗಳದಲ್ಲಿ ಯಾವ ಪಕ್ಷವೂ ಅಲ್ಲ. ಅದು ನ್ಯಾಯಬುದ್ಧಿಯಿಂದಲ್ಲ, ಅವನಿಗೆ ಅರ್ಧ ಕೇಳಿಸುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ನೀರಿನ ಪಂಪಿನ ಮೋಟಾರುಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದವನು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಹಿಂದಿನ ಬೇರಿಂಗು," ಅನ್ನುತ್ತಿದ್ದ. ಬಿಚ್ಚಿದರೆ ಹಿಂದಿನ ಬೇರಿಂಗೇ. ಆ ಮೋಟಾರುಗಳೇ ಕೊನೆಗೆ ಕಿವಿಯನ್ನೂ ತಿಂದವು. ಕೀರಲು ಸದ್ದು ಮೊದಲು ಹೋಯಿತು: ಬಾಗಿಲ ಗಂಟೆ, ಕುಕ್ಕರಿನ ಸೀಟಿ, ಹೆಂಡತಿ. ಮೊದಲಿನ ಎರಡಕ್ಕೆ ಮಾತ್ರ ಬೇಸರಪಟ್ಟುಕೊಂಡನೆಂದು ಮಗ ಹೇಳುತ್ತಿದ್ದ. ದಪ್ಪ ಸದ್ದು, ಕಿವಿ ಆನಿಸಿದರೆ, ಇನ್ನೂ ಸಿಗುತ್ತಿತ್ತು. ಈಗ ವರ್ಕ್‌ಶಾಪು ಮಗನದು. ಮಗನಿಗೆ ಕಿವಿಯ ಹಂಗಿಲ್ಲ, ಮೀಟರ್ ಇದೆ.

ಮಧ್ಯಾಹ್ನ ಮಗು ಅಜ್ಜನ ಪಾಲು. ಒಂದು ದಿನ ತೊಡೆಯ ಮೇಲೆ ಬೋರಲು ಮಲಗಿಸಿ, ಅಭ್ಯಾಸಬಲದಿಂದ ಬೆನ್ನಿಗೆ ಕಿವಿಯಿಟ್ಟ. ಬಲಗಡೆ ಉಸಿರು ಬಂದುಹೋಗುತ್ತಿತ್ತು. ಎಡಗಡೆ ಬೇರೆಯೇ ಸದ್ದು: ತೊಟ್ಟಿಯಲ್ಲಿ ನೀರು ತಳ ಕಂಡಾಗ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದಲ್ಲ, ಆ ಗುಳಗುಳ.

ರಾತ್ರಿ ಊಟಕ್ಕೆ ಕೂತಾಗ ಹೇಳಿದ. "ಇವಳ ಎದೆಯೊಳಗೆ ಹೊಟ್ಟೆ ಸದ್ದು ಬರುತ್ತೆ."

ಅಜ್ಜಿ ಸೌಟು ಹಿಡಿದೇ ನಕ್ಕಳು. "ಬಾಗಿಲು ಮುರಿದರೂ ಕೇಳದ ಕಿವಿಗೆ ಎದೆಯೊಳಗಿನ ಸದ್ದು ಕೇಳ್ತಂತೆ!"

"ಅಪ್ಪ, ಅವಳಿಗೆ ಬೇರಿಂಗ್ ಬದಲಾಯಿಸೋಣ ಬಿಡು," ಎಂದ ಮಗ. ಸೊಸೆಗೂ ನಗು ತಡೆಯಲಾಗಲಿಲ್ಲ. ಎಲ್ಲರೂ ನಗುವಾಗ ಒಬ್ಬನೇ ಗಂಭೀರವಾಗಿರುವುದು ಕಷ್ಟ, ಅಜ್ಜನೂ ನಕ್ಕ. ಮಾತು ಅಲ್ಲಿಗೆ ಮುಗಿಯಿತು.

ಕೆಮ್ಮು ಶುರುವಾದದ್ದು ಆ ವಾರವೇ. ಕೆಮ್ಮು ಅನ್ನುವುದಕ್ಕಿಂತ, ಉಂಡ ಮೇಲೆ ಏದುಸಿರು. ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆಯ ಎಲುಬುಗಳ ಸಂದಿನಲ್ಲಿ ಚರ್ಮ ಗುಳಿಬೀಳುತ್ತಿತ್ತು, ಆಮೇಲೆ ಉಂಡದ್ದೆಲ್ಲ ವಾಂತಿ. ರಸ್ತೆ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯವರು, ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಅಂಗಿಯ ಮೇಲಿಂದಲೇ ಎದೆಯ ಮುಂಭಾಗಕ್ಕೆ ಎರಡು ಕಡೆ ಸ್ಟೆತಾಸ್ಕೋಪ್ ಮುಟ್ಟಿಸಿ, "ಎಡಗಡೆ ಕಫ ಕಟ್ಟಿದೆ, ನ್ಯುಮೋನಿಯಾ," ಎಂದು ಔಷಧಿ ಬರೆದರು. ಐದು ದಿನ ಕುಡಿಸಿದರು, ಒಂದಿಷ್ಟು ಕಡಿಮೆಯಾಯಿತು. ಮುಂದಿನ ವಾರ ಮತ್ತೆ ಬಂತು. ಇನ್ನೊಂದು ಔಷಧಿ. ಮೂರನೆಯ ಸಲ ಹೋದಾಗ ಡಾಕ್ಟರು, "ಮಗು ಸೊರಗಿದೆ, ಚೆನ್ನಾಗಿ ತಿನ್ನಿಸಿ," ಎಂದುಬಿಟ್ಟರು.

ಈ ಮಾತನ್ನು ಅವರು ಆಡಬಾರದಿತ್ತು.

ಅಂದಿನಿಂದ ಅಜ್ಜಿ ಗಂಜಿಯ ಬಟ್ಟಲು ಬದಲಾಯಿಸಿದಳು, ದೊಡ್ಡದು ತೆಗೆದಳು. ಸೊಸೆ, ನಾಳೆ ಯಾರೂ ತನ್ನನ್ನು ಅನ್ನದಿರಲೆಂದು, ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಹಾಲು ಕುಡಿಸಿದಳು. ಮಗ ಹೆಂಡತಿಯ ಪರವಾಗಿ ಒಂದು ಬಾಳೆಹಣ್ಣು, ಅಜ್ಜ ಯಾರ ಪರವೂ ಅಲ್ಲದೆ ಬಿಸ್ಕತ್ತು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದು. ಹೇಳಿಕೊಂಡರೆ ಉಳಿದವರ ಮೇಲೆ ಹೊರಿಸುವ ತಪ್ಪಿನ ತೂಕ ಕಡಿಮೆಯಾಗುತ್ತದಲ್ಲ! ಮಗು ಎಲ್ಲರ ಮರ್ಯಾದೆ ಉಳಿಸುವಂತೆ ತಿಂದಿತು. ಹೊಟ್ಟೆ ಬೆನ್ನಿಗೆ ಅಂಟಿಯೇ ಇತ್ತು.

ಐದನೆಯ ವಾರದ ಭಾನುವಾರ. ಸೊಸೆಗೆ ರಜೆ, ಎಲ್ಲರೂ ಮನೆಯಲ್ಲೇ. ಒಂದು ಗಂಟೆಯ ಹೊತ್ತಿಗೆ ಮಗು ಅಳು ನಿಲ್ಲಿಸಿತು. ಮೊದಲು ಯಾರೂ ಗಮನಿಸಲಿಲ್ಲ, ಅಳು ನಿಂತದ್ದನ್ನು ಯಾವ ಮನೆಯಲ್ಲಿ ಗಮನಿಸುತ್ತಾರೆ? ಸೊಸೆ ಎತ್ತಿಕೊಂಡು ನೋಡಿದರೆ ತುಟಿ ಶಾಯಿ ಚೆಲ್ಲಿದ ಹಾಗೆ ನೀಲಿ. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಉಸಿರು ಎಣಿಸಲಾಗದಷ್ಟು ಬೇಗ ಬೇಗ.

"ರೀ!" ಎಂದು ಕೂಗಿದಳು. ಆ ಕೂಗು ಅಜ್ಜನಿಗೂ ಕೇಳಿಸಿತು.

ಮೋಟಾರು ಸಾಗಿಸುವ ಗೂಡ್ಸ್ ಗಾಡಿಯಲ್ಲಿ ಹೋದರು. ಮುಂದೆ ಮಗ ಮತ್ತು ಮಗುವನ್ನು ಹಿಡಿದ ಸೊಸೆ, ಹಿಂದೆ ಎರಡು ಪಂಪಿನ ನಡುವೆ ಅಜ್ಜ ಅಜ್ಜಿ. ಅಜ್ಜಿಯ ಕೈಯಲ್ಲಿ ಮಧ್ಯಾಹ್ನದ ಗಂಜಿಗೆಂದು ಹಿಡಿದ ಚಮಚ ಹಾಗೇ ಇತ್ತು. ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನಲ್ಲಿ ಮಗುವಿನ ಮುಖದ ಬಳಿ ಆಮ್ಲಜನಕದ ಕೊಳವೆ ಹಿಡಿದು, ಎಕ್ಸ್‌ರೇ ತೆಗೆದರು. ಅದು ಬರುವಷ್ಟರಲ್ಲಿ ನರ್ಸ್ ಒಂದು ಹಾಳೆ ಹಿಡಿದು ಕೇಳಿದಳು.

"ಬೆಳಗ್ಗೆಯಿಂದ ಏನು ತಿಂದಿದೆ?"

"ಗಂಜಿ. ಹನ್ನೊಂದಕ್ಕೆ. ಒಂದು ಬಟ್ಟಲು," ಎಂದಳು ಅಜ್ಜಿ.

"ಅದಕ್ಕೆ ಮುಂಚೆ ಎದೆಹಾಲು," ಎಂದಳು ಸೊಸೆ. ಸ್ವಲ್ಪ ತಡೆದು, "ಆಮೇಲೂ ಒಂದ್ಸಲ. ಅತ್ತೆ ಸ್ನಾನಕ್ಕೆ ಹೋಗಿದ್ದಾಗ."

ಅಜ್ಜಿ ತಿರುಗಿ ನೋಡಿದಳು.

"ನಾನು ಅರ್ಧ ಬಾಳೆಹಣ್ಣು ಕೊಟ್ಟೆ," ಎಂದ ಮಗ. ನರ್ಸ್ ತಲೆ ಎತ್ತಿದಳು. "ಪೂರ್ತಿ."

ಅಜ್ಜನಿಗೆ ಪ್ರಶ್ನೆ ಕೇಳಿಸಿರಲಿಲ್ಲ. ಮಗ ವಾರ್ಡಿಗೆಲ್ಲ ಕೇಳುವಂತೆ ಕಿವಿಯಲ್ಲಿ ಕೂಗಿದ. "ಮಗೂಗೆ ಏನಾದ್ರೂ ತಿನ್ನಿಸಿದ್ಯಾ ಅಪ್ಪಾ?"

"ಬಿಸ್ಕತ್ತು. ಹಾಲಲ್ಲಿ ಅದ್ದಿ. ಮೂರು."

ನರ್ಸ್ ಬರೆಯುವುದನ್ನು ನಿಲ್ಲಿಸಿದಳು. "ಮನೇಲಿ ಒಬ್ಬರಿಗೊಬ್ಬರು ಮಾತಾಡಲ್ವಾ ನೀವು?"

"ದಿನಾ ಮಾತಾಡ್ತೀವಿ," ಎಂದ ಮಗ. "ಇದೇ ವಿಷಯ."

ವಾರ್ಡಿನ ಚಿಕ್ಕ ಡಾಕ್ಟರು ಎಕ್ಸ್‌ರೇ ಹಿಡಿದು ಓಡುತ್ತಲೇ ಬಂದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಎರಡು ದಿನ ನಿದ್ದೆಗೆಟ್ಟ ಕಣ್ಣು. ಎಡಗಡೆ ಎದೆಯಲ್ಲಿ ದೊಡ್ಡದೊಂದು ಕಪ್ಪು ಗುಳ್ಳೆ, ಹೃದಯ ಬಲಗಡೆಗೆ ಸರಿದು ನಿಂತಿತ್ತು.

"ಶ್ವಾಸಕೋಶ ಒಡೆದು ಎದೆಯೊಳಗೆ ಗಾಳಿ ತುಂಬಿದೆ. ಪಕ್ಕೆಯಲ್ಲಿ ತೂತು ಮಾಡಿ ಕೊಳವೆ ಹಾಕಿ ಗಾಳಿ ಬಿಡಬೇಕು. ಈಗಲೇ. ಇಲ್ಲಿ ಸಹಿ ಮಾಡಿ."

ಮಗ ಸಹಿ ಮಾಡಿದ. ನರ್ಸ್ ತಟ್ಟೆ ತಂದಿಟ್ಟಳು: ಹತ್ತಿ, ಚಾಕು, ಕೊಳವೆ. ಚಿಕ್ಕ ಡಾಕ್ಟರು ಮಗುವಿನ ಎಡ ಪಕ್ಕೆಗೆ ಕಂದು ಔಷಧಿ ಬಳಿಯತೊಡಗಿದ. ಅಜ್ಜ ನೋಡುತ್ತ ನಿಂತಿದ್ದ. ತಾನು ಮಧ್ಯಾಹ್ನ ಮಧ್ಯಾಹ್ನ ಕಿವಿಯಿಡುತ್ತಿದ್ದ ಜಾಗದ ಪಕ್ಕದಲ್ಲೇ.

"ಅಲ್ಲಿ ಹೊಟ್ಟೆ ಇದೆ," ಎಂದ. ಕಿವಿ ಕೇಳದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಇಡೀ ವಾರ್ಡು ತಿರುಗಿತು.

"ರೀ, ಸುಮ್ನಿರ್ರೀ," ಎಂದಳು ಅಜ್ಜಿ.

"ಅಪ್ಪ, ಎಕ್ಸ್‌ರೇ ತೆಗೆದಿದ್ದಾರೆ."

"ಅದು ಫೋಟೋ ಕಣೋ. ಫೋಟೋಲಿ ಸದ್ದು ಬರುತ್ತಾ? ಅಲ್ಲಿ ಗಾಳಿ ಇದ್ದರೆ ಹೊಟ್ಟೆ ಒಳಗಿನ ಗಾಳಿ. ಗುಳಗುಳ ಅನ್ನುತ್ತೆ. ಚುಚ್ಚಬೇಡಿ ಸ್ವಾಮಿ."

"ಯಜಮಾನರೇ, ಕೇಳಿದೀನಿ. ಎಡಗಡೆ ಸದ್ದೇ ಇಲ್ಲ. ಹೊತ್ತಿಲ್ಲ, ಸರೀರಿ."

ಆಗ ಸೊಸೆ ಒಂದು ಕೆಲಸ ಮಾಡಿದಳು. ಔಷಧಿ ಬಳಿದ ಜಾಗದ ಮೇಲೆ ಅಂಗೈ ಮುಚ್ಚಿದಳು. "ಇನ್ನೊಂದ್ಸಲ ಕೇಳಿ. ಮಾವ ಮೋಟಾರಲ್ಲಿ ಒಂದ್ಸಲಾನೂ ತಪ್ಪಿಲ್ಲ."

"ಇದು ಮೋಟಾರಲ್ಲಮ್ಮ!"

"ಗೊತ್ತು. ಇನ್ನೊಂದ್ಸಲ ಕೇಳಿ."

ಕೈ ತೆಗೆಯಲಿಲ್ಲ. ಜಗಳವಾಡುವುದಕ್ಕಿಂತ ಕೇಳುವುದು ಬೇಗ ಮುಗಿಯುತ್ತದೆ ಅನ್ನಿಸಿತೋ ಏನೋ, ಅವನು ಸ್ಟೆತಾಸ್ಕೋಪ್ ಕಿವಿಗೇರಿಸಿ ಬಗ್ಗಿದ. "ಬೆನ್ನ ಕಡೆಯಿಂದ," ಎಂದ ಅಜ್ಜ. "ಒತ್ತಿ ಕಾಯಬೇಕು. ಪಂಪು ಗಾಳಿ ಎಳೆಯೋದು ಒಂದೇ ಸಮ ಇರಲ್ಲ."

ಡಾಕ್ಟರು ಒತ್ತಿ ಕಾದ. ಏನೂ ಇಲ್ಲ. ಮಗುವಿನ ಉಗುರು ನೀಲಿಯಾಗಿತ್ತು. ಅಜ್ಜನ ಮುಖದ ಮೇಲೆ ಬೆವರು ಒಡೆಯಿತು. ನಿಜಕ್ಕೂ ಕೇಳಿತ್ತೇ? ಅಥವಾ ಕೆಟ್ಟ ಕಿವಿಯ ಒಳಗೇ ಏಳುವ ಸದ್ದೇ? ನಕ್ಕವರು ಸರಿಯಾಗಿದ್ದರೆ, ಈ ಅರ್ಧ ನಿಮಿಷ ಮಗುವಿನ ಉಸಿರಿನಿಂದ ತಾನು ಕದ್ದದ್ದು. ನರ್ಸ್ ಗಡಿಯಾರ ನೋಡಿದಳು. ಸೊಸೆಯ ಅಂಗೈ ಕಂದು ಬಣ್ಣಕ್ಕೆ ತಿರುಗಿತ್ತು.

ಚಿಕ್ಕ ಡಾಕ್ಟರ ಹುಬ್ಬು ಮೇಲೇರಿತು. ಇನ್ನೂ ಕೆಳಕ್ಕೆ ಬಗ್ಗಿದ. ಆಮೇಲೆ ನಿಧಾನವಾಗಿ ನೆಟ್ಟಗಾಗಿ ಮಗುವಿನ ಹೊಟ್ಟೆಯನ್ನು, ಆ ಬೆನ್ನಿಗಂಟಿದ ಹೊಟ್ಟೆಯನ್ನು, ಮೊದಲ ಸಲ ನೋಡುವವನಂತೆ ನೋಡಿದ. "ತಟ್ಟೆ ಆ ಕಡೆ ಇಡಿ," ಎಂದ. ದನಿ ಬದಲಾಗಿತ್ತು. "ಮಕ್ಕಳ ಸರ್ಜನ್‌ಗೆ ಫೋನ್ ಮಾಡಿ."

ಸರ್ಜನ್ ಐವತ್ತು ದಾಟಿದ ಹೆಂಗಸು, ಗಡಿಬಿಡಿಯೇ ಗೊತ್ತಿಲ್ಲದವಳಂತೆ ನಡೆದು ಬಂದಳು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಮತ್ತೆ ಎಕ್ಸ್‌ರೇ ತೆಗೆಸಿದಳು. ಹೊಟ್ಟೆಗೆ ಇಳಿಯಬೇಕಾದ ಕೊಳವೆ ತಿರುವು ಹಾಕಿ ಎದೆಗೆ ಏರಿತ್ತು. ಆ ಕೊಳವೆಯಿಂದ ಗಾಳಿ, ಗಂಜಿ, ಹಾಲು, ಬಾಳೆಹಣ್ಣು, ಬಿಸ್ಕತ್ತು ಎಲ್ಲವೂ ಹೊರಬಂದವು, ನಾಲ್ವರ ಮುಂದೆ ಸಾಕ್ಷಿ ಹೇಳುವಂತೆ. ತುಟಿಯ ನೀಲಿ ಚೂರು ಚೂರಾಗಿ ಇಳಿಯಿತು.

"ಎದೆಗೂ ಹೊಟ್ಟೆಗೂ ಮಧ್ಯೆ ಸ್ನಾಯುವಿನ ಒಂದು ಪರದೆ ಇರುತ್ತೆ, ವಪೆ ಅಂತ," ಎಂದಳು. "ಇವಳಿಗೆ ಹುಟ್ಟೋವಾಗಲೇ ಎಡಗಡೆ ಹಿಂದೆ ಅದು ಕೂಡಿಕೊಂಡಿಲ್ಲ. ಆ ಸಂದಿನಿಂದ ಜಠರ, ಕರುಳು ಮೇಲೆ ಹತ್ತಿ ಕೂತಿವೆ. ಹೊಟ್ಟೆ ಖಾಲಿ ಕಾಣದೆ ಇನ್ನೇನು?"

"ಚುಚ್ಚಿದ್ದರೆ?" ಎಂದು ಕೇಳಿದ ಮಗ.

"ಜಠರಕ್ಕೇ ಚುಚ್ಚಿದ ಹಾಗೆ." ಚಿಕ್ಕ ಡಾಕ್ಟರು ಗೋಡೆ ನೋಡುತ್ತಿದ್ದ. ಅವಳು ಅವನಿಗೇ ಕೇಳುವಂತೆ, "ಎಕ್ಸ್‌ರೇಲಿ ಗಾಳಿ ಥರಾನೇ ಕಾಣುತ್ತೆ, ಕಫ ಅಂತಾನೂ ಕಾಣುತ್ತೆ. ದೊಡ್ಡದೊಡ್ಡವರೇ ಮೋಸ ಹೋಗಿದ್ದಾರೆ," ಎಂದಳು. ಆಮೇಲೆ ಅಜ್ಜನ ಕಡೆ ತಿರುಗಿ, ದನಿ ಏರಿಸಿ, "ಎಷ್ಟು ದಿನದಿಂದ ಕೇಳ್ತಿತ್ತು ನಿಮಗೆ?"

"ಐದು ವಾರ."

"ಮನೇಲಿ ಹೇಳಲಿಲ್ವಾ?"

"ಹೇಳ್ದೆ. ನಕ್ಕರು." ಅಜ್ಜ ಮುಖ ಒರೆಸಿಕೊಂಡ. "ನಾನೂ ನಕ್ಕೆ."

ಅಜ್ಜಿ ಅಲ್ಲಿಯವರೆಗೆ ಚಮಚ ಹಿಡಿದೇ ನಿಂತಿದ್ದಳು. "ನಾನು ತಿನ್ನಿಸಿದ್ದಕ್ಕೇ ಹೀಗಾಯ್ತಾ ಡಾಕ್ಟ್ರೇ?"

"ತೂತು ಹುಟ್ಟಿನಿಂದಲೇ ಇತ್ತು. ತಿನ್ನಿಸಿದ್ದರಿಂದ ಬಂದದ್ದಲ್ಲ," ಎಂದು ಸರ್ಜನ್ ಒಂದು ಕ್ಷಣ ಯೋಚಿಸಿದಳು. ಸುಳ್ಳು ಹೇಳುವ ಹೆಂಗಸಲ್ಲ. "ಹೊಟ್ಟೆ ತುಂಬಿದಷ್ಟೂ ಶ್ವಾಸಕೋಶಕ್ಕೆ ಜಾಗ ಇಲ್ಲದಾಯ್ತು, ಅಷ್ಟೇ."

ಆ 'ಅಷ್ಟೇ' ಎಂಬುದನ್ನು ಅಜ್ಜಿ ಮನೆಯವರೆಗೂ ಹೊತ್ತಳು.

ಕೂಡಲೇ ಆಪರೇಷನ್ ಮಾಡಲಿಲ್ಲ. ಮಗು ಮೊದಲು ಚೇತರಿಸಿಕೊಳ್ಳಬೇಕು, ಉಸಿರು, ರಕ್ತದೊತ್ತಡ ನೆಲೆಗೆ ಬರಬೇಕು, ಎರಡು ದಿನ ಕಾಯೋಣ ಎಂದರು. ಮಗನಿಗೆ ಕೋಪ. "ತೂತಿದೆ ಅಂತ ಗೊತ್ತಾದ ಮೇಲೆ ಮುಚ್ಚೋಕೆ ಮುಹೂರ್ತ ಬೇಕಾ?"

"ಬಿಸಿಯಾದ ಮೋಟಾರು ಯಾರಾದ್ರೂ ಬಿಚ್ಚುತ್ತಾರೇನೋ?" ಎಂದ ಅಜ್ಜ.

ಆ ಎರಡು ದಿನ ಮನೆಯವರು ಯಾರೂ ಜಗಳವಾಡಲಿಲ್ಲ. ಭಯ ಇಷ್ಟೊಂದು ಸಭ್ಯವಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. "ನೀವು ಮಲಗಿ." "ಇಲ್ಲ, ನೀವು ಮಲಗಿ." ಅಜ್ಜಿ ಡಬ್ಬಿಯಲ್ಲಿ ಅನ್ನ ತಂದಳು, ಬೆಂಚಿನ ಮೇಲಿಟ್ಟಳು, ಯಾರಿಗೂ ತಿನ್ನು ಅನ್ನಲಿಲ್ಲ. ಮದುವೆಯಾಗಿ ಬಂದಾಗಿನಿಂದ ಇದೇ ಮೊದಲು. ಡಬ್ಬಿ ಬಂದ ಹಾಗೇ ವಾಪಸು ಹೋಯಿತು.

ಮಂಗಳವಾರ ಬೆಳಗ್ಗೆ ಒಳಗೆ ಕರೆದೊಯ್ದರು. ಮೂರು ಗಂಟೆ. ಕೆಂಪು ದೀಪದ ಕೆಳಗೆ ಸೊಸೆ ಅಂಗೈ ನೋಡುತ್ತ ಕೂತಿದ್ದಳು, ಕಂದು ಬಣ್ಣ ಗೆರೆಗಳಲ್ಲಿ ಇನ್ನೂ ಉಳಿದಿತ್ತು. ಪಕ್ಕದಲ್ಲಿ ಅತ್ತೆ.

"ನಿನ್ನ ತಪ್ಪಲ್ಲವಂತೆ," ಎಂದಳು ಅತ್ತೆ.

"ನಿಮ್ಮದೂ ಅಲ್ಲವಂತೆ."

"ಹಾಗಾದ್ರೆ ಯಾರದಂತೆ?"

"ಯಾರದೂ ಅಲ್ಲವಂತೆ ಅತ್ತೆ."

ಅಜ್ಜಿ ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ. ವಾರಸುದಾರರಿಲ್ಲದ ತಪ್ಪು ಆ ಮನೆಗೆ ಹಿಂದೆಂದೂ ಬಂದಿರಲಿಲ್ಲ.

ಸರ್ಜನ್ ಹೊರಗೆ ಬಂದು ಹೇಳಿದಳು. ಮೇಲೆ ಹತ್ತಿದ್ದ ಜಠರ, ಕರುಳು ಎಲ್ಲವನ್ನೂ ಕೆಳಗಿಳಿಸಿಯಾಗಿದೆ. ಸಂದನ್ನು ಹೊಲಿದಾಗಿದೆ, ಅಂಚು ಎಳೆದರೆ ಸೇರುವಷ್ಟಿತ್ತು, ತೇಪೆ ಬೇಕಾಗಲಿಲ್ಲ. "ಇನ್ನು ಎಡಗಡೆ ಶ್ವಾಸಕೋಶ ಅರಳಬೇಕು. ಅದು ನನ್ನ ಕೈಯಲ್ಲಿಲ್ಲ."

ಎರಡು ದಿನ ಮಗುವಿನ ಬದಲು ಯಂತ್ರ ಉಸಿರಾಡಿತು. ಗಾಜಿನಾಚೆ ಮಗುವಿನ ಎದೆ ಒಂದೇ ತಾಳದಲ್ಲಿ ಏಳುತ್ತ ಬೀಳುತ್ತ ಇತ್ತು, ಅದು ಮಗುವಿನ ತಾಳವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಯಂತ್ರ ಕೀರಲಾಗಿ ಕೂಗಿಕೊಂಡಾಗ ಮೂವರು ಎದ್ದು ನಿಂತರು. ಅಜ್ಜ ಅವರ ಮುಖ ನೋಡಿ ಎದ್ದ. ಕೊಳವೆಯಲ್ಲಿ ಕಫ ಸಿಕ್ಕಿಕೊಂಡದ್ದು ಅಷ್ಟೇ, ನರ್ಸ್ ತೆಗೆದಳು. ಮೂರನೆಯ ದಿನ ಯಂತ್ರ ತೆಗೆದರು. ಮಗು ಕೆಮ್ಮಿತು, ಮುಖ ಕೆಂಪಾಯಿತು, ದನಿಯಿಲ್ಲದೆ ಅತ್ತಿತು. ಐದನೆಯ ದಿನ ಕೊಳವೆಯಲ್ಲಿ ಹಾಲು: ಒಂದು ಚಮಚ. ಆ ಒಂದು ಚಮಚ ಇಳಿಯುವುದನ್ನು ಅಜ್ಜಿ ಉಸಿರು ಬಿಗಿಹಿಡಿದು ನೋಡಿದಳು, "ಇನ್ನೊಂದು" ಅನ್ನಲಿಲ್ಲ.

ಹನ್ನೆರಡನೆಯ ದಿನ ಮನೆಗೆ ಬಂದರು. ಹೊಟ್ಟೆ ದುಂಡಗಿತ್ತು, ಪಕ್ಕೆಯ ಕೆಳಗೆ ಅಡ್ಡಕ್ಕೆ ಹೊಲಿಗೆ. ಸರ್ಜನ್ ಹೇಳಿ ಕಳಿಸಿದ್ದು: ಸ್ವಲ್ಪ ಸ್ವಲ್ಪವಾಗಿ ಉಣಿಸಿ, ತಪಾಸಣೆಗೆ ಕರೆತನ್ನಿ. ಏದುಸಿರು, ವಾಂತಿ ಬಂದರೆ ಕಾಯಬೇಡಿ, ಅಪರೂಪಕ್ಕೆ ಹೊಲಿಗೆ ಬಿಟ್ಟು ಮತ್ತೆ ಮೇಲೇರುವುದುಂಟು. 'ಅಪರೂಪಕ್ಕೆ' ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಉಳಿದದ್ದನ್ನು ಯಾರೂ ಮರೆಯಲಿಲ್ಲ. ಮಗು ಸೀನಿದರೂ ನಾಲ್ಕು ತಟ್ಟೆಗಳ ಮೇಲೆ ಕೈ ನಿಲ್ಲುತ್ತಿತ್ತು. ಅಡುಗೆಮನೆಯ ಗೋಡೆಗೆ ಹಾಳೆ ಬಂತು: ಯಾರು, ಎಷ್ಟು ಗಂಟೆಗೆ, ಎಷ್ಟು ಚಮಚ. ಬಿಸ್ಕತ್ತಿನ ಚೂರನ್ನೂ ಅಜ್ಜ ಬರೆದು ಸಹಿ ಹಾಕುತ್ತಿದ್ದ.

ಸೊಸೆ ಮತ್ತೆ ಕೆಲಸಕ್ಕೆ ಹೊರಟಾಗ ಒಂದು ಪದ್ಧತಿ ಬೆಳೆಯಿತು. ಚಪ್ಪಲಿ ಮೆಟ್ಟುವ ಮುಂಚೆ ಮಗುವನ್ನು ಮಾವನ ತೊಡೆಯ ಮೇಲೆ ಬೋರಲು ಮಲಗಿಸುವಳು. ಅವನು ಬೆನ್ನಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಕೊನೆಗೆ, "ಸರಿ ಇದೆ. ಹೋಗಿ ಬಾ," ಅನ್ನುವನು. ಆಮೇಲೆಯೇ ಅವಳ ಕಾಲು ಹೊಸ್ತಿಲು ದಾಟುತ್ತಿದ್ದದ್ದು. ಈಗ ಯಾರೂ ನಗುತ್ತಿರಲಿಲ್ಲ. ಮಗ ಮೋಟಾರು ಆರಿಸಿ, ಆ ಒಂದು ನಿಮಿಷ ಕೈಕಟ್ಟಿ ನಿಲ್ಲುತ್ತಿದ್ದ.

ಮನೆಗೆ ಬಂದ ಆರನೆಯ ವಾರದ ಒಂದು ಬೆಳಗ್ಗೆ ಅಜ್ಜ ಕಿವಿಯಿಟ್ಟವನು ಎತ್ತಲೇ ಇಲ್ಲ. ಎಡ ಕಿವಿ ತೆಗೆದು ಬಲ ಕಿವಿ ಇಟ್ಟ. ಮತ್ತೆ ಎಡ.

"ಏನು ಮಾವ?"

ಅಜ್ಜ ತಲೆ ಎತ್ತಿದ. "ನನಗೆ ಏನೂ ಕೇಳಿಸ್ತಿಲ್ಲ."

ಅಜ್ಜಿಯ ಕೈಯ ಚಮಚ ಬಟ್ಟಲಿಗೆ ಬಡಿಯಿತು. ಮಗ ಎರಡೇ ಹೆಜ್ಜೆಗೆ ಒಳಗೆ ಬಂದು ಅಪ್ಪನ ಕಿವಿಯಲ್ಲಿ ಕೂಗಿದ. "ಏನೂ ಅಂದ್ರೆ? ಎಡಗಡೆನಾ? ಗಾಡಿ ತೆಗೀಲಾ?"

"ಎಡಗಡೆ ಅಲ್ಲ. ಎಲ್ಲೂ. ಮೊನ್ನೆಯಿಂದ ಹೀಗೇ. ಮೊನ್ನೆ, ನಿನ್ನೆ ಅಂದಾಜಿನ ಮೇಲೆ ಸರಿ ಇದೆ ಅಂದೆ."

"ಅಂದಾಜು!" ಮಗ ಇನ್ನೂ ಜೋರಾಗಿ ಕೂಗಿದ. "ಮಗು ಜೀವದ ಮೇಲೆ ಅಂದಾಜಾ ಅಪ್ಪಾ?"

"ಅದಕ್ಕೇ ಹೇಳ್ತಿದೀನಿ. ಆಗ ಐದು ವಾರ ಸುಮ್ಮನಿದ್ದೆ, ಈಗ ಎರಡು ದಿನ. ಇನ್ನು ಸುಮ್ಮನಿರಲ್ಲ." ಅಜ್ಜ ಕಿವಿಯನ್ನೊಮ್ಮೆ ತಟ್ಟಿಕೊಂಡ, ಕೆಟ್ಟ ರೇಡಿಯೋ ತಟ್ಟುವಂತೆ. "ಇದರ ಆಯಸ್ಸು ಇಷ್ಟೇ. ಬಾಮ್ಮ. ನೀನೇ ಕೇಳು."

"ನನಗೆ ಬರಲ್ಲ ಮಾವ," ಎಂದು ಸೊಸೆ ಕೈಯಾಡಿಸಿದಳು.

"ಕೂದಲೆಳೆ ಅಳತೆ ಗಾಜು ಉಜ್ಜೋಳು ನೀನು. ಬರುತ್ತೆ. ಓಲೆ ಬಿಚ್ಚಿಡು. ನಿನ್ನ ಉಸಿರು ಹಿಡಿ. ಮೊದಲು ಬಲಗಡೆ."

ಸೊಸೆ ಓಲೆ ಬಿಚ್ಚಿ ಅತ್ತೆಯ ಕೈಗಿಟ್ಟು, ಮಂಡಿಯೂರಿದಳು. ಬೆನ್ನು ಬೆಚ್ಚಗಿತ್ತು. ಬಲಗಡೆ ಗಾಳಿ ಬಂತು, ಹೋಯಿತು.

"ಈಗ ಎಡಗಡೆ. ಅವಸರ ಮಾಡಬೇಡ. ಒತ್ತಿ ಕಾಯಿ."

ಕಾದಳು. ಮೊದಲು ಕೇಳಿಸಿದ್ದು ಅವಳದೇ ಎದೆಬಡಿತ, ಮತ್ತೇನೂ ಇಲ್ಲ. ಹೊರಗೆ ಅವಳ ಬಸ್ಸು ಬಂದು, ನಿಂತು, ಹೊರಟಿತು. ಯಾರೂ ಕದಲಲಿಲ್ಲ. ಬಡಿತ ನಿಧಾನವಾದಂತೆ ಅದರ ಹಿಂದಿನಿಂದ ಇನ್ನೊಂದು ಸದ್ದು ಬಿಡಿಸಿಕೊಂಡಿತು. ಸಣ್ಣದು. ಬಂತು, ಹೋಯಿತು. ಬಂತು.

"ಉಸಿರು," ಎಂದಳು.

"ಗುಳಗುಳ?" ಎಂದು ಕೂಗಿ ಕೇಳಿದ ಅಜ್ಜ.

ಮಗುವನ್ನು ಅಂಗಾತ ತಿರುಗಿಸಿ, ಹೊಲಿಗೆಯ ಗೆರೆಗಿಂತ ಕೆಳಗೆ, ದುಂಡು ಹೊಟ್ಟೆಗೆ ಕಿವಿಯಿಟ್ಟಳು. ಸಾಸಿವೆ ಅವಳ ಕೂದಲು ಹಿಡಿದು ಎಳೆದು ಕೇಕೆ ಹಾಕಿದಳು. ಸೊಸೆ ಮಾವನಿಗೆ ಕಾಣುವಂತೆ ಬೆರಳಲ್ಲಿ ತೋರಿಸಿದಳು: ಇಲ್ಲಿ. ಕೆಳಗೆ.

ಅಜ್ಜಿ ಬಟ್ಟಲು ಹಿಡಿದು ಹತ್ತಿರ ಬಂದಳು. "ಕೊಡ್ಲಾ?" ಎಂದು ಸೊಸೆಯನ್ನು ಕೇಳಿದಳು. "ಎಷ್ಟು ಕೊಡ್ಲಿ?"

"ತಡೀರಿ ಅತ್ತೆ," ಎಂದಳು ಸೊಸೆ, ಮಗುವನ್ನು ಮತ್ತೆ ಬೋರಲು ಮಾಡುತ್ತ. "ಎಡಗಡೆ ಇನ್ನೊಂದ್ಸಲ ಕೇಳ್ತೀನಿ."